ಅಧ್ಯಕ್ಷರ ಅರ್ಧ ಮೀಸೆ

ಅವನ ಕ್ಷೌರದಂಗಡಿಯಲ್ಲಿ ಏನು ಬೇಕಾದರೂ ಮಾತಾಡಬಹುದಿತ್ತು. ಅತ್ತೆಯನ್ನು ಬೈಯಬಹುದು, ಸರ್ಕಾರ ಬೀಳಿಸಬಹುದು, ಪಕ್ಕದ ಬೀದಿಯ ಮದುವೆ ಮುರಿಯಬಹುದು. ಆದರೆ ಕತ್ತಿ ಮೇಲ್ತುಟಿಗೆ ಬಂತೋ, ಎಲ್ಲ ಬಂದ್. ಕನ್ನಡಿಯ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಹಲಗೆಯೊಂದು ತೂಗುತ್ತಿತ್ತು: 'ಮೀಸೆಗೆ ಕತ್ತಿ ಇಟ್ಟಾಗ ಬಾಯಿ ಬಿಡಬಾರದು.' ಬಿಟ್ಟರೆ ಅವನು ಕತ್ತಿ ಮಡಚಿ, ಕೈಕಟ್ಟಿ ನಿಂತುಬಿಡುತ್ತಿದ್ದ. ಗಿರಾಕಿಯ ಮುಖದ ನೊರೆ ಒಣಗಿ ಉದುರಿದರೂ ಅವನು ಜಪ್ಪಯ್ಯ ಅನ್ನುತ್ತಿರಲಿಲ್ಲ. ಹಾಗಾಗಿ ಬೀದಿಯವರು ಅವನಿಗೆ ಗಪ್‌ಚುಪ್ ಎಂದೇ ಹೆಸರಿಟ್ಟಿದ್ದರು. ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತುಹೋಗಿತ್ತೇನೋ.

ಹಲಗೆ ಅವನದಲ್ಲ, ಅವನ ಭಾವನದು. ಅಂಗಡಿ, ತಿರುಗುವ ಕುರ್ಚಿ, ಕತ್ತಿ ಮಸೆಯುವ ಚರ್ಮದ ಪಟ್ಟಿ ಎಲ್ಲವೂ ಭಾವನವೇ. ಕೆಲಸ ಕಲಿಸಿದವರೂ ಅವರೇ. ಮೊದಲ ಆರು ತಿಂಗಳು ಬಲೂನಿಗೆ ಸೋಪು ಹಚ್ಚಿಸಿ ಕತ್ತಿ ಆಡಿಸಲು ಹೇಳಿದ್ದರು. "ಒಡೆದರೆ ಬಲೂನು ನಿನ್ನದು, ಒಡೆಯದಿದ್ದರೆ ಗಿರಾಕಿ ನಿನ್ನವನು" ಅನ್ನುತ್ತಿದ್ದರು. ಆ ಭಾವ ಯುದ್ಧದ ಕಾಲದಲ್ಲಿ ಸೇತುವೆಯ ಮೇಲೆ ಸತ್ತು ಹತ್ತೊಂಬತ್ತು ವರ್ಷವಾಗಿತ್ತು. ಅಂದು ಸೇತುವೆ ದಾಟುತ್ತಿದ್ದ ನೂರಾರು ಜನರ ಮೇಲೆ ಗುಂಡಿನ ಮಳೆ ಸುರಿಸಿದ್ದು ಪರದೇಶದ ಸೈನ್ಯವಲ್ಲ, ತಮ್ಮದೇ ಸರ್ಕಾರದ ಫಿರಂಗಿ.

ಅಕ್ಕ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇದ್ದಳು. ಟವೆಲ್ಲುಗಳನ್ನು ಒಗೆದು, ಇಸ್ತ್ರಿ ಮಾಡಿ, ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಕೆಳಗಿಳಿಸುತ್ತಿದ್ದಳು. ತಮ್ಮನಿಗೆ ದಿನಕ್ಕೆರಡು ಬೈಗುಳ ತಪ್ಪದೆ ಕೊಡುತ್ತಿದ್ದಳು. ನಗು ಮಾತ್ರ ಗಂಡ ಸತ್ತ ಆ ಬುಧವಾರವೇ ಅವಳ ಮನೆಯಿಂದ ಹೊರಟುಹೋಗಿತ್ತು.

ಆವತ್ತು ದೇಶದ ಅಧ್ಯಕ್ಷರಾಗಿದ್ದವರು ಈಗ ಮಾಜಿಯಾಗಿ, ಮೊಣಕಾಲಿನ ಆಪರೇಷನ್ನಿಗೆಂದು ಹೊರದೇಶಕ್ಕೆ ಹೋಗಿದ್ದಾಗ ಅಲ್ಲಿಯ ಪೊಲೀಸರು ಆಸ್ಪತ್ರೆಯ ಹಾಸಿಗೆಯಲ್ಲೇ ಹಿಡಿದರು ಎಂಬ ಸುದ್ದಿ ಬಂದಾಗ, ಅಂಗಡಿಯಲ್ಲಿ ರಿಟೈರ್ಡ್ ಮೇಷ್ಟ್ರು ಕುರ್ಚಿಯ ಮೇಲಿದ್ದರು. ರೇಡಿಯೊ ಕೇಳಿ ಧಡಕ್ಕನೆ ಎದ್ದು ಕೂತರು.

"ಹಲವು ದೇಶಗಳು ಸೇರಿ ಒಂದು ಕೋರ್ಟು ಮಾಡ್ಕೊಂಡಿದಾವೆ ಕಣಯ್ಯ. ಸೇತುವೆ ಕೇಸಿಗೆ ಇವರನ್ನ ಅಲ್ಲಿಗೆ ಕಳಿಸ್ತಾರಂತೆ."

ಬೆಂಚಿನ ಮೇಲೆ ಸರದಿಗೆ ಕೂತಿದ್ದ ಲಾರಿ ಡ್ರೈವರ್ ನಕ್ಕ. "ದೇಶ ಆಳಿದವರನ್ನ ಯಾರು ಮೇಷ್ಟ್ರೇ ಮುಟ್ತಾರೆ? ಆನೆ ನಡೆದದ್ದೇ ದಾರಿ."

"ಅದು ಹಳೇ ಗಾದೆ. ಕಳ್ಳತನ ಮಾಡಿದ್ರೆ ಊರಿನ ಕೋರ್ಟು ನೋಡ್ಕೊಳ್ಳುತ್ತೆ. ಜನರನ್ನೇ ಕೊಲ್ಲಿಸಿದ್ರೆ, ಊರಿನ ಕೋರ್ಟು ಕೈಕಟ್ಟಿ ಕೂತ್ರೆ, ಆಗ ಆ ಕೋರ್ಟು. ನಮ್ಮ ದೇಶವೂ ಅದಕ್ಕೆ ರುಜು ಹಾಕಿದೆ. ಅಲ್ಲಿ ಅಧ್ಯಕ್ಷ ಅಂದ್ರೂ ಒಂದೇ, ಅಡುಗೆಭಟ್ಟ ಅಂದ್ರೂ ಒಂದೇ. ಕಷ್ಟ ಇರೋದು ಹಿಡಿಯೋದ್ರಲ್ಲಿ. ಆ ಕೋರ್ಟಿಗೆ ಸ್ವಂತ ಪೊಲೀಸ್ ಇಲ್ಲ. ಯಾರಾದ್ರೂ ಹಿಡಿದು ಕೊಡಬೇಕು."

"ಅಂದ್ರೆ ಮೊಣಕಾಲು ಕೈಕೊಡ್ತು ಅನ್ನಿ" ಅಂದ ಡ್ರೈವರ್.

ಎಲ್ಲರೂ ನಕ್ಕರು. ಗಪ್‌ಚುಪ್ ನಗಲಿಲ್ಲ. ಅವನ ಕೈಯಲ್ಲಿದ್ದ ಬ್ರಷ್ಷಿನಿಂದ ನೊರೆ ಮೇಷ್ಟ್ರ ಮಡಿಲಿಗೆ ತೊಟ್ಟಿಕ್ಕುತ್ತಿತ್ತು.

ಎಂಟು ತಿಂಗಳಾದ ಮೇಲೆ ಆ ಕೋರ್ಟಿನ ತನಿಖೆಯ ಹೆಂಗಸೊಬ್ಬಳು ಅಂಗಡಿಗೆ ಬಂದಳು. ಗಿರಾಕಿಗಳಿಲ್ಲದ ಹೊತ್ತು ನೋಡಿ, ಚೀಲದಿಂದ ಒಂದು ಹಾಳೆ ತೆಗೆದು ಕನ್ನಡಿಯ ಮುಂದೆ ಇಟ್ಟಳು. ಅಧ್ಯಕ್ಷರ ನಿವಾಸದ ಗೇಟಿನ ಪುಸ್ತಕದ ನಕಲು. ಅಧ್ಯಕ್ಷರಿಗೆ ದಿನಾ ಕ್ಷೌರ ಮಾಡುತ್ತಿದ್ದವರು ಭಾವ, ಹಾಗಾಗಿ ಅಲ್ಲಿ ಅವರ ಹೆಸರಿರುತ್ತಿತ್ತು. ಆ ಒಂದು ಬುಧವಾರ ಮಾತ್ರ ಅದನ್ನು ಹೊಡೆದು ಹಾಕಿ ಇವನ ಹೆಸರು ಬರೆದಿತ್ತು.

"ಅಧ್ಯಕ್ಷರು ಹೇಳ್ತಾರೆ, ಮಂಗಳವಾರದಿಂದಲೇ ಸರೋವರದ ಬಂಗಲೆಯಲ್ಲಿ ಜ್ವರ ಬಂದು ಮಲಗಿದ್ರಂತೆ. ಸೇತುವೆ ವಿಷಯ ಗೊತ್ತೇ ಇರಲಿಲ್ಲವಂತೆ. ಆವತ್ತು ನೀವು ಯಾರಿಗೆ ಕ್ಷೌರ ಮಾಡಿದ್ರಿ?"

ಅವನು ಟವೆಲ್ಲು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಉತ್ತರ ಗೊತ್ತಿತ್ತು. ಹೇಳಿದರೆ ಅಕ್ಕನಿಗೂ ಗೊತ್ತಾಗುತ್ತದೆ. ಅವನಿಗೆ ಅಧ್ಯಕ್ಷರ ಭಯವಿರಲಿಲ್ಲ, ಅಕ್ಕನ ಭಯವಿತ್ತು.

"ಎರಡು ದಿನ ಟೈಮ್ ಕೊಡಿ ಮೇಡಂ. ಮೊದಲು ಮನೇಲಿ ಹೇಳಬೇಕು."

ಮರುದಿನ ಮೆಟ್ಟಿಲು ಹತ್ತಿದ. ಅಕ್ಕ ಇಸ್ತ್ರಿ ಮಾಡುತ್ತಿದ್ದಳು. ಅವಳ ಮುಖ ನೋಡದೆ, ಟವೆಲ್ಲುಗಳ ರಾಶಿಗೆ ಹೇಳುವಂತೆ ಎಲ್ಲವನ್ನೂ ಹೇಳಿದ.

ಅಂದು ಭಾವ ಮಸೆಯಲು ಕೊಟ್ಟಿದ್ದ ಕತ್ತಿಗಳನ್ನು ತರಲು ಹೊಳೆಯಾಚೆ ಹೋಗಿದ್ದರು. ತಮ್ಮ ಬದಲಿಗೆ ಇವನನ್ನು ನಿವಾಸಕ್ಕೆ ಕಳಿಸಿದ್ದರು. "ಎಲ್ಲಾ ಮಾಡು, ಮೀಸೆಗೆ ಕತ್ತಿ ಇಡೋ ಮುಂಚೆ 'ಮಾತಾಡಬೇಡಿ ಸ್ವಾಮಿ' ಅಂತ ಹೇಳೋದು ಮರೀಬೇಡ" ಅಂದಿದ್ದರು. ಇಪ್ಪತ್ತನಾಲ್ಕರ ಹುಡುಗ, ದೇಶದ ಅಧ್ಯಕ್ಷರಿಗೆ ಬಾಯಿ ಮುಚ್ಚಿ ಅನ್ನಲು ಧೈರ್ಯ ಸಾಲಲಿಲ್ಲ. ಮೀಸೆಯ ಅಂಚು ತೀಡುತ್ತಿದ್ದಾಗ ಫೋನ್ ಬಂತು. ಅಧ್ಯಕ್ಷರು ನೊರೆಯ ಬಾಯಲ್ಲೇ ಹೇಳಿದರು: "ಸೇತುವೆ ಮೇಲೆ ಜನ ಇದ್ರೆ ಇರಲಿ. ಹೊಡೀರಿ." ಭಾವ ವಾಪಸು ಬರಬೇಕಾದದ್ದು ಅದೇ ಸೇತುವೆಯ ಮೇಲೆ. ಇವನ ಕೈ ಹಾರಿತು. ಎಡಗಡೆಯ ಮೀಸೆ ಪೂರ್ತಿ ಹೋಯಿತು, ತುಟಿಯ ಮೇಲೆ ರಕ್ತ ಬಂತು. ಕಾವಲಿನವರು ನಾಲ್ಕು ಬಿಗಿದು ಸಂಜೆಯವರೆಗೆ ಕೂಡಿಹಾಕಿದರು. ಬಿಟ್ಟಾಗ ಸೇತುವೆಯೂ ಇರಲಿಲ್ಲ, ಭಾವನೂ ಇರಲಿಲ್ಲ.

ಆ ಸಂಜೆ ರೇಡಿಯೊದಲ್ಲಿ ಅಧ್ಯಕ್ಷರು ಗಂಭೀರವಾಗಿ ಘೋಷಿಸಿದ್ದು ಇಡೀ ದೇಶಕ್ಕೆ ನೆನಪಿದೆ: "ಗೆಲ್ಲುವವರೆಗೆ ಮೀಸೆ ಬಿಡುವುದಿಲ್ಲವೆಂದು ಇಂದು ಬೆಳಿಗ್ಗೆ ಸರೋವರದ ದಡದಲ್ಲಿ ನನ್ನ ಕೈಯಾರೆ ಮೀಸೆ ತೆಗೆದಿದ್ದೇನೆ." ದೇಶಭಕ್ತರೆಲ್ಲ ಸಾಲುಗಟ್ಟಿ ಮೀಸೆ ಬೋಳಿಸಿಕೊಂಡಿದ್ದರು.

"ನನ್ನ ಕೈಲಿ ಕತ್ತಿ ಇತ್ತು ಅಕ್ಕ" ಅಂದ ಕೊನೆಗೆ. "ಅವನ ಕುತ್ತಿಗೆ ಎರಡು ಬೆರಳು ದೂರದಲ್ಲಿತ್ತು. ನಾನು ಕಿರುಚಲೂ ಇಲ್ಲ."

ಇಸ್ತ್ರಿಪೆಟ್ಟಿಗೆಯ ಕೆಳಗೆ ಟವೆಲ್ಲು ಕರಕಲಾಗುವ ವಾಸನೆ ಬಂತು. ಅಕ್ಕ ಪೆಟ್ಟಿಗೆ ಎತ್ತಿಟ್ಟಳು.

"ಹೋಗು. ಅಲ್ಲಿ ಹೇಳೋದು ಹೇಳಿ ಬಾ. ನಾನು ಹೇಳೋದು ಆಮೇಲೆ."

ಆ 'ಆಮೇಲೆ'ಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವನು ಮೊದಲ ಸಲ ವಿಮಾನ ಹತ್ತಿದ. ಅಭ್ಯಾಸಬಲದಿಂದ ಜೇಬಿನಲ್ಲಿಟ್ಟುಕೊಂಡಿದ್ದ ಕತ್ತಿಯನ್ನು ಏರ್‌ಪೋರ್ಟಿನವರು ಕಿತ್ತುಕೊಂಡರು. ಎಷ್ಟು ಬೇಡಿಕೊಂಡರೂ ಕೊಡಲಿಲ್ಲ.

ಕೋರ್ಟಿನ ಕೋಣೆ ಆಸ್ಪತ್ರೆಯಷ್ಟು ಸ್ವಚ್ಛವಾಗಿತ್ತು. ಅಲ್ಲಿಯ ನ್ಯಾಯಾಧೀಶರ ಮುಂದೆ ಅಧ್ಯಕ್ಷರ ವಕೀಲರು ಮೊದಲೇ ಒಂದು ವಾದ ಹೂಡಿ ಸೋತಿದ್ದರು. ದೇಶದ ಮುಖ್ಯಸ್ಥರಾಗಿದ್ದವರನ್ನು ವಿಚಾರಣೆ ಮಾಡುವಂತೆಯೇ ಇಲ್ಲ ಎಂಬುದು ಆ ವಾದ. ಈ ನ್ಯಾಯಾಲಯದಲ್ಲಿ ಕುರ್ಚಿ ಯಾರಿಗೂ ಗುರಾಣಿಯಲ್ಲ ಎಂದಿದ್ದರು ನ್ಯಾಯಾಧೀಶರು. ಊರಿನಲ್ಲಿ ಅದನ್ನು ಓದಿ ಹೇಳಿದ ಮೇಷ್ಟ್ರು, "ನಿನ್ನ ಕುರ್ಚಿ ಥರಾನೇ ಕಣಯ್ಯ, ಯಾರು ಕೂತ್ರೂ ಅದೇ ಬಟ್ಟೆ ಹೊದಿಸ್ತಾರೆ" ಅಂದಿದ್ದರು.

ಅಧ್ಯಕ್ಷರು ಎದುರಿಗೇ ಕೂತಿದ್ದರು. ಮೀಸೆ ಮತ್ತೆ ದಟ್ಟವಾಗಿ ಬೆಳೆದಿತ್ತು. ಗಪ್‌ಚುಪ್‌ಗೆ ಮೊದಲು ಕಂಡದ್ದೇ ಅದರ ಬಲಗಡೆ ತುಸು ಉದ್ದವಿರುವುದು. ಇಲ್ಲಿನ ಕ್ಷೌರಿಕ ಯಾರೋ ಅಡ್ಡಾದಿಡ್ಡಿ ಮನುಷ್ಯ ಅಂದುಕೊಂಡ. ಅಷ್ಟು ಅಂದುಕೊಂಡಿದ್ದೇ ನೆಟ್ಟಗೆ ನಿಂತ.

ಕಂಡದ್ದು, ಕೇಳಿದ್ದು ಎಲ್ಲ ಹೇಳಿದ. ವಕೀಲರು ಎದ್ದರು. "ನಮ್ಮ ಕಕ್ಷಿದಾರರು ನಿಮ್ಮನ್ನ ನೋಡೇ ಇಲ್ಲ. ನೀವು ಆ ದಿನ ಕ್ಷೌರ ಮಾಡಿದ್ದು ಯಾವನೋ ಗುಮಾಸ್ತನಿಗೆ."

"ಇರಬಹುದು ಸ್ವಾಮಿ. ಹಾಗಾದ್ರೆ ಇವರ ಮೀಸೆ ಸರಿಸಿ ನೋಡಿ. ಎಡಗಡೆ, ಮೂಗಿನ ಕೆಳಗೆ, ಅಕ್ಕಿಕಾಳಿನಷ್ಟು ಗಾಯದ ಗುರುತಿರುತ್ತೆ. ಓರೆಯಾಗಿದೆ. ನಂದೇ ಕೆಲಸ."

ಅಧ್ಯಕ್ಷರ ಕೈ ತಟ್ಟನೆ ಮೀಸೆಗೆ ಹೋಯಿತು. ಅದನ್ನು ಮೂವರು ನ್ಯಾಯಾಧೀಶರೂ ನೋಡಿದರು. ಕೋರ್ಟಿನ ಡಾಕ್ಟರು ಪರೀಕ್ಷಿಸಿದರು, ಗುರುತು ಸಿಕ್ಕಿತು. ಮೀಸೆ ಹೋದದ್ದು ಬುಧವಾರ ಬೆಳಿಗ್ಗೆ ಎಂದು ಅಧ್ಯಕ್ಷರೇ ರೇಡಿಯೊದಲ್ಲಿ ಸಾರಿದ್ದರು. ಆ ಬೆಳಿಗ್ಗೆ ಈ ಕ್ಷೌರಿಕ ಇದ್ದದ್ದು ಸರೋವರದಲ್ಲಲ್ಲ, ನಿವಾಸದಲ್ಲಿ ಎಂದು ಗೇಟಿನ ಪುಸ್ತಕ ಹೇಳುತ್ತಿತ್ತು. ಜ್ವರದ ಕಥೆ ಅಲ್ಲಿಗೆ ಮುಗಿಯಿತು.

ತೀರ್ಪು ಬಂದಾಗ ಅವನು ಊರಿಗೆ ಮರಳಿ ಒಂದು ವರ್ಷವಾಗಿತ್ತು. ಆ ವರ್ಷವಿಡೀ ಅಕ್ಕ ತನ್ನ 'ಆಮೇಲೆ'ಯ ಬಗ್ಗೆ ತುಟಿಪಿಟಕ್ಕೆನ್ನಲಿಲ್ಲ. ಆ ಬೆಳಿಗ್ಗೆ ಬೀದಿಯೆಲ್ಲ ಅಂಗಡಿಯೊಳಗೆ ನುಗ್ಗಿತ್ತು. ಇಪ್ಪತ್ತೈದು ವರ್ಷ ಸೆರೆ ಎಂದು ರೇಡಿಯೊ ಹೇಳಿತು. ಲಾರಿ ಡ್ರೈವರ್ ಬೆಂಚಿನ ಮೇಲೆ ಹತ್ತಿ ಕುಣಿದ. ಮೇಷ್ಟ್ರು ಅಳುತ್ತಾ ನಗುತ್ತಾ ಎಲ್ಲರ ಕೈ ಕುಲುಕಿದರು.

ಅಷ್ಟರಲ್ಲಿ ಅಕ್ಕ ಟವೆಲ್ಲಿನ ರಾಶಿ ಹೊತ್ತು ಮೆಟ್ಟಿಲಿಳಿದಳು. ಎಲ್ಲರೂ ದಾರಿ ಬಿಟ್ಟರು. ಗಪ್‌ಚುಪ್ ತಲೆ ತಗ್ಗಿಸಿ ನಿಂತ.

"ನೀನು ಆವತ್ತು ಅವನ ಕುತ್ತಿಗೆ ಕೊಯ್ದಿದ್ರೆ ಏನಾಗ್ತಿತ್ತು ಗೊತ್ತೇನೋ?" ಅಂದಳು. "ನಿನ್ನನ್ನೂ ಅಲ್ಲೇ ಮುಗಿಸ್ತಿದ್ರು. ನನಗೆ ಗಂಡನೂ ಇಲ್ಲ, ತಮ್ಮನೂ ಇಲ್ಲ. ಅವನಿಗೆ ಮಾತ್ರ ಊರೂರಲ್ಲಿ ಪ್ರತಿಮೆ. ಮೀಸೆ ಕೊಯ್ದೆ ನೋಡು, ಒಳ್ಳೇದಾಯ್ತು. ಈಗ ಬದುಕಿದ್ದು ಕೇಳಲಿ, ಸತ್ತವರ ಹೆಸರು ಒಂದೊಂದಾಗಿ."

ಅವನಿಗೆ ಕಣ್ಣು ತುಂಬಿ ಬಂತು. ಇಪ್ಪತ್ತು ವರ್ಷದ ಭಾರ ಇಳಿದವನಂತೆ ಅಲ್ಲೇ ಸ್ಟೂಲಿನ ಮೇಲೆ ಕೂತ. ಮೇಷ್ಟ್ರು ಹಲಗೆಯ ಕಡೆ ಕೈ ತೋರಿಸಿದರು.

"ಇನ್ನಾದ್ರೂ ಅದನ್ನ ತೆಗೀಬಹುದಲ್ಲಮ್ಮ? ನಾವೂ ನಾಲ್ಕು ಮಾತಾಡ್ಕೊಂಡು ಕ್ಷೌರ ಮಾಡಿಸ್ಕೋತೀವಿ."

ಅಕ್ಕ ಹಲಗೆಯನ್ನು ನೋಡಿದಳು. ಸೆರಗಿನ ತುದಿಯಿಂದ ಅದರ ಧೂಳು ಒರೆಸಿದಳು.

"ಇರಲಿ ಮೇಷ್ಟ್ರೇ. ನಮ್ಮನೆಯವರು ಸುಮ್ನೆ ಬರೆಸಿದ್ರಾ? ಆ ಅಧ್ಯಕ್ಷ ಇದೊಂದು ಮಾತು ಪಾಲಿಸಿದ್ದಿದ್ರೆ ಮೀಸೆಯೂ ಉಳೀತಿತ್ತು, ಸೇತುವೆಯೂ ಉಳೀತಿತ್ತು."

ಹಾಗೆಂದು ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಟವೆಲ್ಲುಗಳೆಲ್ಲ ಕೈಜಾರಿ ನೆಲಕ್ಕೆ ಬೀಳುವ ಹಾಗೆ.