ಥೆಲ್ಮಾ ಮಿಸ್ ಬಾಗಿಲು ದಾಟಿದ್ದು

ಮೂರನೇ ತರಗತಿಯ ಬಾಗಿಲಿನ ಎಡ ಚೌಕಟ್ಟಿನಲ್ಲಿ, ಮಕ್ಕಳ ಬೆನ್ನು ತಾಗುವ ಎತ್ತರದಲ್ಲಿ, ಬಣ್ಣ ನಿಲ್ಲುತ್ತಿರಲಿಲ್ಲ. ಪ್ರತಿ ಬೇಸಿಗೆ ರಜೆಯಲ್ಲೂ ಸೇನಾ ನೆಲೆಯ ಕೆಲಸದವರು ಬಂದು ಹಸಿರು ಬಣ್ಣ ಬಳಿದು ಹೋಗುತ್ತಿದ್ದರು. ಮುಂದಿನ ವಸಂತದ ಹೊತ್ತಿಗೆ ಅದು ಸವೆದು ಒಳಗಿನ ಮರ ಕಾಣಿಸುತ್ತಿತ್ತು.

ಸವೆಸಿದವಳು ಆ ತರಗತಿಯ ಟೀಚರ್ ಥೆಲ್ಮಾ ರಡಾಕ್. ಅಥವಾ ಅವಳ ನಿಯಮ. ಜಪಾನಿನ ಓಕಿನಾವಾ ದ್ವೀಪದ ಆ ಅಮೆರಿಕನ್ ನೆಲೆಯಲ್ಲಿ ಅಪ್ಪನಿಗೋ ಅಮ್ಮನಿಗೋ ವರ್ಗಾವಣೆಯ ಆದೇಶ ಬಂತೆಂದರೆ ಮನೆ ಖಾಲಿಯಾಗುತ್ತದೆ, ನಾಯಿ ಬೇರೆಯವರ ಪಾಲಾಗುತ್ತದೆ, ಮಗು ಶಾಲೆ ಬಿಡುತ್ತದೆ. ಬಿಡುವ ದಿನ ಆ ಮಗು ಚೌಕಟ್ಟಿಗೆ ಬೆನ್ನು ಆನಿಸಿ ನಿಲ್ಲಬೇಕು. ತರಗತಿಯವರೆಲ್ಲ ಸಾಲಾಗಿ ಬಂದು ಅಂಗೈಗೆ ಅಂಗೈ ತಟ್ಟಿ, "ಸಿಗ್ತೀನಿ" ಅನ್ನಬೇಕು. ಬೇರೆ ಮಾತಿಲ್ಲ, ಅಳುವಂತಿಲ್ಲ. ಆಮೇಲೆ ಹೋಗುವವರು ಹೋಗಬೇಕು, ತಿರುಗಿ ನೋಡಬಾರದು.

ಬಾಗಿಲಲ್ಲಿ ನಿಲ್ಲದೆ ಯಾರೂ ಹೋಗುವ ಹಾಗಿರಲಿಲ್ಲ. ಒಮ್ಮೆ ಟೈರೆಲ್ ಎಂಬ ಹುಡುಗನಿಗೆ ಹೊರಡುವ ವಾರವೇ ಸೀತಾಳೆ ಸಿಡುಬೆದ್ದು ಶಾಲೆಗೆ ಬರಲಾಗಲಿಲ್ಲ. ಥೆಲ್ಮಾ ಇಡೀ ತರಗತಿಯನ್ನು ಮನೆ ಖಾಲಿ ಮಾಡಿ ಅವನ ಮನೆಯವರು ತಂಗಿದ್ದ ಅತಿಥಿಗೃಹಕ್ಕೆ ನಡೆಸಿಕೊಂಡು ಹೋಗಿ, ಅಡುಗೆಮನೆಯ ಎರಡು ಕೈಗವಸು ಅವನಿಗೆ ತೊಡಿಸಿ, ಅಲ್ಲಿನ ಬಾಗಿಲಲ್ಲೇ ನಿಲ್ಲಿಸಿ ಕೈ ತಟ್ಟಿಸಿದ್ದಳು. ಅವನಮ್ಮ, "ನಿಮಗೆ ಹುಚ್ಚು, ಮಿಸ್ ರಡಾಕ್," ಎಂದು ನಕ್ಕು, ಹಾಗೇ ಒಳಗೆ ಹೋಗಿ ಅತ್ತಿದ್ದಳು.

ಥೆಲ್ಮಾ ಬಂದದ್ದು ಎರಡು ವರ್ಷಕ್ಕೆಂದು. ನೆಬ್ರಾಸ್ಕಾದ ಜೋಳದ ಹೊಲಗಳ ನಡುವೆ ಬೆಳೆದ ಹುಡುಗಿಗೆ ಸಮುದ್ರ ನೋಡುವ ಆಸೆಯಿತ್ತು, ಅಷ್ಟೇ. ನೋಡಿದಳು, ನೋಡುತ್ತ ಕೂದಲು ಬೆಳ್ಳಗಾಯಿತು. ಚಂಡಮಾರುತ ಬಂದಾಗ ಕಿಟಕಿಗೆ ಹಲಗೆ ಹೊಡೆಯಲು ಕಲಿತಳು, ಹಾಗಲಕಾಯಿಯನ್ನು ಮೊಟ್ಟೆಯ ಜೊತೆ ಹುರಿಯಲು ಕಲಿತಳು. ಮಕ್ಕಳು ಬಂದರು, ಹೋದರು. ಕೆಲವರು ಸಮವಸ್ತ್ರ ತೊಟ್ಟು ಮತ್ತೆ ಅದೇ ನೆಲೆಗೆ ಬಂದು, ತಮ್ಮ ಮಕ್ಕಳನ್ನು ಅವಳ ಬಾಗಿಲಿಗೇ ತಂದು ಬಿಟ್ಟರು.

ಈಗ ಅವಳ ಸರದಿ. ವಯಸ್ಸಾಯಿತು, ಕೆಲಸ ಮುಗಿಯಿತು. ಕೆಲಸ ಮುಗಿದರೆ ನೆಲೆಯ ಗುರುತಿನ ಕಾರ್ಡಿಲ್ಲ. ಕಾರ್ಡಿಲ್ಲದವಳಿಗೆ ನೆಲೆಯ ಗೇಟೂ ಇಲ್ಲ, ದ್ವೀಪದಲ್ಲಿ ಮನೆಯೂ ಇಲ್ಲ. ಥೆಲ್ಮಾ ಮುಖ್ಯೋಪಾಧ್ಯಾಯರ ಹತ್ತಿರ ಗುಟ್ಟಾಗಿ ಒಂದು ಏರ್ಪಾಡು ಮಾಡಿಕೊಂಡಿದ್ದಳು. ಶಾಲೆ ಮುಗಿಯಲು ಇನ್ನೂ ನಾಲ್ಕಾರು ದಿನ ಇರುವಾಗಲೇ ಒಂದು ಸಂಜೆಯ ವಿಮಾನ. ಮರುದಿನ ಬೇರೆ ಟೀಚರ್ ಬರುತ್ತಾರೆ. ಮಕ್ಕಳಿಗೆ ಆಮೇಲೆ ಯಾರಾದರೂ ಹೇಳಲಿ.

ಇದು ಗೊತ್ತಿದ್ದ ಇನ್ನೊಬ್ಬಳು ಫುಮಿಕೋ ಯೊನಾಮಿನೆ, ಮಕ್ಕಳ ಬಾಯಲ್ಲಿ ಯೊನಾಮಿನೆ ಸೆನ್ಸೆ, ಎಂದರೆ ಟೀಚರ್. ಅದೇ ಶಾಲೆಯಲ್ಲಿ ಮಕ್ಕಳಿಗೆ ಜಪಾನೀ ಹಾಡು, ಮಾತು ಕಲಿಸುವ ಊರಿನ ಹೆಂಗಸು. ಸಿಬ್ಬಂದಿ ಕೋಣೆಯಲ್ಲಿ ಕರಿಬೆಲ್ಲದ ತುಂಡೊಂದನ್ನು ಥೆಲ್ಮಾಳ ಚಹಾ ತಟ್ಟೆಗೆ ಇಡುತ್ತ ಅವಳು ಅಂದಳು:

"ಕಳ್ಳಿ."

"ಏನು ಕದ್ದೆ ನಾನು?"

"ನಿನ್ನನ್ನೇ ಕದ್ಕೊಂಡು ಓಡ್ತಿದೀಯಲ್ಲ."

"ನನ್ ಕೈಲಾಗಲ್ಲ, ಫುಮಿಕೋ. ಅಲ್ಲಿ ನಿಂತ್ರೆ ನಾನು ಅಳ್ತೀನಿ."

"ಅಳು! ನಿನ್ ನಿಯಮ ತಾನೇ, ಬೇಕಾದ್ರೆ ಮುರಿ."

"ಇಷ್ಟು ವರ್ಷ ಆ ಪಾಪದ ಮಕ್ಕಳಿಗೆ ಅಳಬೇಡಿ ಅಂದಿದೀನಿ."

ಫುಮಿಕೋ ಇನ್ನೊಂದು ತುಂಡು ಬೆಲ್ಲ ಇಟ್ಟಳು. "ಮೊದ್ಲು ತಿನ್ನು. ಕಳ್ಳರಿಗೂ ಹಸಿವಾಗತ್ತೆ."

ಥೆಲ್ಮಾ ತರಗತಿಯಲ್ಲಿದ್ದ ತನ್ನ ಸಾಮಾನನ್ನು ಸ್ವಲ್ಪ ಸ್ವಲ್ಪವಾಗಿ ಮನೆಗೆ ಸಾಗಿಸಿದಳು. ಒಂದು ದಿನ ಚಿಪ್ಪುಗಳ ಬುಟ್ಟಿ, ಇನ್ನೊಂದು ದಿನ ಗೋಡೆಯ ಗಡಿಯಾರ. ಯಾರಿಗೂ ತಿಳಿಯಲಿಲ್ಲ ಅಂದುಕೊಂಡಳು.

ವಿಮಾನದ ಹಿಂದಿನ ದಿನ, ಎಲ್ಲರೂ ಆಟಕ್ಕೆ ಹೋದ ಮೇಲೆ, ಡೆಸಿರೇ ಫಾಂಟೆನೋ ಮಾತ್ರ ತನ್ನ ಕುರ್ಚಿಯಲ್ಲೇ ಉಳಿದಳು. ಫೆಬ್ರವರಿಯಲ್ಲಿ ಬಂದ ಹುಡುಗಿ. ಬೆನ್ನಚೀಲವನ್ನು ಗೂಟಕ್ಕೆ ತಗುಲಿಸುವವಳಲ್ಲ. ಲೆಕ್ಕ ಮಾಡುವಾಗಲೂ ಅದು ತೊಡೆಯ ಮೇಲೇ ಇರಬೇಕು. ಥೆಲ್ಮಾ ಒಂದೆರಡು ಸಲ ಹೇಳಿ ನೋಡಿ ಸುಮ್ಮನಾಗಿದ್ದಳು.

"ಮಿಸ್, ನೀವು ಹೊರಟಿದೀರಲ್ಲ?"

"ಯಾರೇ ಹೇಳಿದ್ದು?"

"ಯಾರೂ ಹೇಳಿಲ್ಲ. ಗಿಡಕ್ಕೆ ನೀರು ಹಾಕೋದನ್ನ ಮಾರ್ಕಸ್‌ಗೆ ಕಲಿಸ್ಕೊಟ್ರಿ. ಸಾಮಾನಿನ ಲಾರಿ ಬರೋ ಮುಂಚೆ ನಮ್ಮಮ್ಮನೂ ಹಂಗೇ, ಗಿಡಗಳಿಗೆ ಜನ ಹುಡುಕ್ತಾಳೆ." ಸ್ವಲ್ಪ ಯೋಚಿಸಿ ಸೇರಿಸಿದಳು: "ಗಡಿಯಾರ ರಿಪೇರಿಗೆ ಹೋಗಿದೆ ಅಂದ್ರಿ. ಅದು ಚೆನ್ನಾಗೇ ಓಡ್ತಿತ್ತು."

ಥೆಲ್ಮಾಗೆ ನಗು ಬಂತು. ಊರೂರು ತಿರುಗಿದ ಮಗುವಿನ ಕಣ್ಣಿಗೆ ಮಣ್ಣೆರಚಲು ಹೊರಟಿದ್ದಳಲ್ಲ! "ಯಾರಿಗೂ ಹೇಳ್ಬೇಡ, ಚಿನ್ನ."

"ಹೇಳಲ್ಲ. ಆದ್ರೆ ಬಾಗಿಲು?"

"ನಂಗೆ ಬಾಗಿಲು ಬೇಡ ಅನ್ಸತ್ತೆ, ಡೆಸಿ."

ಹುಡುಗಿ ಚೀಲವನ್ನು ಇನ್ನಷ್ಟು ಅವುಚಿಕೊಂಡಳು. "ಹಿಂದಿನ ಶಾಲೇಲಿ ನಂಗೂ ಬಾಗಿಲು ಇರ್ಲಿಲ್ಲ. ಊಟದ ಹೊತ್ತಲ್ಲಿ ಅಪ್ಪ ಬಂದು ಕರ್ಕೊಂಡು ಹೋದ್ರು, ಅವತ್ತೇ ವಿಮಾನ. ನನ್ ಚೀಲ ಗೂಟದಲ್ಲೇ ಉಳೀತು. ನಾನೆಲ್ಲೋದೆ ಅಂತ ಕಾರಾಗೆ ಗೊತ್ತಿಲ್ಲ. ಅವ್ಳು ನನ್ ಪಕ್ಕ ಕೂರ್ತಿದ್ಲು." ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೇಳಿದಳು, "ಹಾಜರಿ ಕರೆಯೋವಾಗ ಇನ್ನೂ ನನ್ ಹೆಸ್ರು ಕರೀತಿರ್ತಾರಾ, ಮಿಸ್?"

ಥೆಲ್ಮಾ ಅವಳ ಪಕ್ಕದ ಪುಟ್ಟ ಕುರ್ಚಿಯಲ್ಲಿ ಕೂತಳು. ಬಾಗಿಲು ಇರುವುದು ಹೋಗುವವರಿಗೆಂದೇ ಅವಳು ಇಷ್ಟು ಕಾಲ ನಂಬಿದ್ದಳು. ಉಳಿದವರು ಪಕ್ಕದ ಖಾಲಿ ಕುರ್ಚಿಯನ್ನು ನೋಡುತ್ತ ಕೂರಬೇಕಲ್ಲ ಎಂಬುದು ಈಗ ಹೊಳೆಯಿತು.

ಮರುದಿನ ಊಟವಾದ ಮೇಲೆ ಅವಳೇ ತರಗತಿಯ ಮುಂದೆ ನಿಂತು ಹೇಳಿದಳು. "ಮಕ್ಕಳೇ, ನಂಗೂ ಆದೇಶ ಬಂದಿದೆ. ಇವತ್ತು ಸಂಜೆ ಹೊರಡ್ತೀನಿ."

ಯಾರೂ ಅಳಲಿಲ್ಲ. ಅವರಿಗೆ ಇದು ಗೊತ್ತಿದ್ದ ಕೆಲಸ.

"ಎಲ್ಲಿಗೆ?" ಅಂದ ಮಾರ್ಕಸ್.

"ನೆಬ್ರಾಸ್ಕಾಗೆ. ನನ್ ತಂಗಿ ಮನೆಗೆ."

"ಅಲ್ಲಿ ನಿಮ್ಮನ್ನ ಸುತ್ತಾಡ್ಸಿ ಎಲ್ಲಾ ತೋರ್ಸೋಕೆ ಜೊತೆಗಾರರು ಯಾರು?" ಹೊಸದಾಗಿ ಬಂದ ಪ್ರತಿ ಮಗುವಿಗೂ ಅಂಥ ಒಬ್ಬರನ್ನು ಥೆಲ್ಮಾಳೇ ನೇಮಿಸುತ್ತಿದ್ದಳು.

"ತಂಗೀನೇ ಅನ್ಸತ್ತೆ."

"ಅವ್ರಿಗೆ ಟಾಯ್ಲೆಟ್ ಎಲ್ಲಿದೆ ಅಂತ ಗೊತ್ತಾ?"

"ಅವಳ ಮನೇನೇ ಕಣೋ ಅದು!"

"ಆದ್ರೂ ಮೊದ್ಲೇ ಕೇಳ್ಕೊಳಿ, ಮಿಸ್."

"ಮೊದಲ್ನೇ ದಿನಾನೇ ಇಲ್ಲಿ ತುಂಬಾ ಇಷ್ಟ ಆಯ್ತು ಅನ್ಬೇಡಿ," ಎಂದಳು ಹಿಂದಿನ ಸಾಲಿನ ಹುಡುಗಿ. "ಯಾರೂ ನಂಬಲ್ಲ."

"ನಾನು ಅಲ್ಲಿದ್ದಾಗ ಹಂಗಿತ್ತು, ಹಿಂಗಿತ್ತು ಅಂತಾನೂ ಕೊಚ್ಕೋಬೇಡಿ. ಬೈತಾರೆ."

ಥೆಲ್ಮಾ ಒಂದೊಂದಕ್ಕೂ ತಲೆಯಾಡಿಸಿದಳು. ಆಮೇಲೆ ಅಂದಳು: "ನನಗಿಂತ ಮುಂಚೆ ಒಬ್ರದ್ದು ಬಾಕಿ ಇದೆ. ಡೆಸಿ, ಬಾ. ಹಿಂದಿನ ಶಾಲೇಲಿ ನಿನ್ ಜೊತೆ ಯಾರ್‍ಯಾರು ಇದ್ರು?"

ಡೆಸಿರೇ ಚೀಲ ಅವುಚಿಕೊಂಡೇ ಬಂದು ಚೌಕಟ್ಟಿಗೆ ಒರಗಿದಳು. ಹೆಸರು ಹೇಳುತ್ತ ಹೋದ ಹಾಗೆ ಒಬ್ಬೊಬ್ಬರೇ ಸಾಲಿನಲ್ಲಿ ಬಂದು ಆ ಹೆಸರು ಹೊತ್ತರು. "ನಾನು ಕಾರಾ," ಅಂದ ಮಾರ್ಕಸ್ ಗಂಭೀರವಾಗಿ. "ಸಿಗ್ತೀನಿ." ಡೆಸಿರೇ ಕಿಸಕ್ಕನೆ ನಕ್ಕಳು. ಒಂದು ಕೈಯಲ್ಲಿ ಚೀಲ ಹಿಡಿದು ಇನ್ನೊಂದರಲ್ಲಿ ತಟ್ಟಲು ಹೆಣಗಿ, ಕೊನೆಗೆ ಅದನ್ನು ನೆಲಕ್ಕಿಟ್ಟು ಎರಡೂ ಕೈ ಚಾಚಿದಳು.

ಆಮೇಲೆ ಥೆಲ್ಮಾ. ಅವಳ ಬೆನ್ನು ತಾಗಿದ್ದು ಸವೆದ ಜಾಗಕ್ಕಲ್ಲ, ಅದರ ಮೇಲೆ, ಬಣ್ಣ ಇನ್ನೂ ಗಟ್ಟಿಯಾಗಿದ್ದಲ್ಲಿ. ಪುಟ್ಟ ಅಂಗೈಗಳು ಒಂದಾದ ಮೇಲೊಂದು ಬಂದವು. ಒಂದು ಬೆಚ್ಚಗೆ, ಒಂದು ತಣ್ಣಗೆ, ಒಂದರ ತುಂಬ ಅಂಟು. ಸಾಲಿನ ತುದಿಗೆ ಫುಮಿಕೋ ಕೂಡ ಬಂದು ನಿಂತಿದ್ದಳು. "ಸಿಗ್ತೀನಿ, ಕಳ್ಳಿ," ಅಂದಳು. ಥೆಲ್ಮಾ ತುಟಿ ಕಚ್ಚಿ ಹೇಗೋ ತಡೆದುಕೊಂಡು, ತಿರುಗಿ ನೋಡದೆ ನಡೆದಳು. ಮೊಗಸಾಲೆ ದಾಟಿದಳು. ಅಂಗಳಕ್ಕೆ ಇಳಿದಳು.

ಆಗ ನೆನಪಾಯಿತು. ಪಾಸ್‌ಪೋರ್ಟು, ಟಿಕೆಟ್ಟು, ಕಾರಿನ ಕೀಲಿ ಎಲ್ಲ ಇದ್ದ ಕೈಚೀಲ ಅವಳ ಕುರ್ಚಿಯ ಮೇಲೇ ಉಳಿದಿತ್ತು.

ತಿರುಗುವಂತಿಲ್ಲ. ಥೆಲ್ಮಾ ಬಿಸಿಲಿನಲ್ಲಿ ಸುಮ್ಮನೆ ನಿಂತಳು. ಆಮೇಲೆ ಹಿಮ್ಮುಖವಾಗಿ, ಒಂದೊಂದೇ ಹೆಜ್ಜೆ ಇಡುತ್ತ, ತನ್ನ ತರಗತಿಯ ತೆರೆದ ಕಿಟಕಿಯತ್ತ ಸರಿದಳು. ಒಳಗಿನ ಗದ್ದಲ ನಿಂತಿತು. ಬೆನ್ನು ಗೋಡೆಗೆ ತಾಗಿದಾಗ ಕೈಯನ್ನು ಭುಜದ ಮೇಲಿಂದ ಹಿಂದಕ್ಕೆ ಚಾಚಿದಳು.

"ತಿರುಗ್ಬೇಡಿ, ಮಿಸ್," ಡೆಸಿರೇಯ ದನಿ ಕಿವಿಯ ಹತ್ತಿರವೇ ಕೇಳಿಸಿತು. "ನಾನು ಕೊಡ್ತೀನಿ. ಇನ್ಮೇಲೆ ತೊಡೆ ಮೇಲಿಟ್ಕೊಳಿ, ಗೊತ್ತಾಯ್ತಾ?"

ಚೀಲದ ಹಿಡಿ ಬೆರಳಿಗೆ ಸಿಕ್ಕಿತು. ಥೆಲ್ಮಾ ಈಗ ಧಾರಾಳವಾಗಿ ಅಳುತ್ತಿದ್ದಳು, ಒಳಗಿನವರಿಗೆ ಬೆನ್ನು ಮಾತ್ರ ಕಾಣುತ್ತಿತ್ತು.

"ಗೊತ್ತಾಯ್ತು," ಅಂದಳು.