ಕಾಯಿ ಇಟ್ಟವಳ ಗಂಟಲೇ ಕಟ್ಟಿತು

ಕಳೆದ ಮಳೆಗಾಲದಲ್ಲಿ ನನ್ನ ಬಾಯಿ ಒಣಗತೊಡಗಿತು. ಎಷ್ಟು ನೀರು ಕುಡಿದರೂ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಗಂಟಲಲ್ಲಿ ಹುಣಸೆಬೀಜ ಸಿಕ್ಕಿಕೊಂಡ ಹಾಗೆ. ಗಂಜಿ ಇಳಿಯುತ್ತಿತ್ತು, ಎಂಜಲು ಇಳಿಯುತ್ತಿರಲಿಲ್ಲ. ಕ್ಯಾನ್ಸರೇ ಇರಬೇಕು ಎಂದು ಹೆದರಿದೆ.

ಭಕ್ತರೇ, ನಾನು ಹೊಳನಗದ್ದೆಯವಳು. ಬಸಳೆ, ಹರಿವೆ ಬೆಳೆದು ಮಾರುತ್ತೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಬರವಣಿಗೆಯಲ್ಲಿ ತಪ್ಪಿದ್ದರೆ ಮನ್ನಿಸಿ. ಮಾಡಿದ ತಪ್ಪನ್ನು ಮಾತ್ರ ಮುಚ್ಚಿಡುವುದಿಲ್ಲ.

ಬಾಯಿ ಒಣಗುವ ಮೊದಲು, ನನ್ನ ಮಗಳಿಗೆ ಮಾವಳ್ಳಿಯಿಂದ ಬಂದಿದ್ದ ಸಂಬಂಧ ಮುರಿದಿತ್ತು. ಅವಳಿಗೆ ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿದ್ದುದು ಹುಡುಗನ ಮನೆಗೆ ತಿಳಿದುಹೋಗಿತ್ತು. ನಮ್ಮ ಮನೆಯಾಚೆ ಅದು ಗೊತ್ತಿದ್ದುದು ಬೇಲಿಯಾಚೆಯ ನನ್ನ ಒಡಹುಟ್ಟಿದ ಅಕ್ಕನಿಗೆ ಮಾತ್ರ ಎಂದುಕೊಂಡಿದ್ದೆ. ಅಂಗಳದಲ್ಲಿ ನಿಂತು ಬಾಯಿಗೆ ಬಂದಂತೆ ಬೈದೆ.

"ನಾ ಹೇಳ್ಲಿಲ್ಲ," ಎಂದಳು ಅಕ್ಕ.

"ಮತ್ಯಾರು, ಗಾಳಿ ಹೋಗಿ ಹೇಳ್ತಾ? ನಿನ್ನ ಮಗಳಿಗೆ ಗಂಡು ಸಿಕ್ಲಿಲ್ಲ ಅಂತ ನನ್ನ ಮಗಳಿಗೂ ಸಿಗಬಾರ್ದು, ಅಲ್ದಾ?"

ಅಷ್ಟಕ್ಕೂ ಬಿಡಲಿಲ್ಲ. ಅನ್ಯಾಯವಾದವರು ಊರ ದೇವಿ ಅಮ್ಮನ ಗುಡಿಯಲ್ಲಿ ತೆಂಗಿನಕಾಯಿ ಇಟ್ಟು ದೂರು ಹೇಳುವುದು ನಮ್ಮಲ್ಲಿ ಪದ್ಧತಿ. ನ್ಯಾಯ ಸಿಗುವವರೆಗೆ ಆ ಕಾಯಿ ಒಡೆಯುವಂತಿಲ್ಲ. ನಾನೂ ಇಟ್ಟೆ. "ಈ ಮಾತು ಯಾರ ಬಾಯಿಂದ ಹೋಯ್ತೋ ಅವಳ ಬಾಯಿ ಒಣಗ್ಲಿ, ಗಂಟಲು ಕಟ್ಲಿ" ಎಂದೆ.

ಕಟ್ಟಿತು, ನನ್ನದೇ. ಅಕ್ಕ ಮಾಟ ಮಾಡಿಸಿದ್ದಾಳೆಂದು ಇನ್ನಷ್ಟು ಬೈದೆ.

ಕುಮಟಾದಲ್ಲಿ ಕೊಟ್ಟ ಔಷಧಿಯಿಂದ ಕಡಿಮೆಯಾಗಲಿಲ್ಲ. ಹೊನ್ನಾವರದಲ್ಲಿ ಗಂಟಲಿನ ಡಾಕ್ಟರು ಮೂಗಿನಿಂದ ಕ್ಯಾಮೆರಾದ ನಳಿಗೆ ಇಳಿಸಿ ನೋಡಿದರು. "ಗಡ್ಡೆ ಇಲ್ಲ, ಹುಣ್ಣಿಲ್ಲ. ಮನಸ್ಸಲ್ಲಿ ಎಂತಾದ್ರೂ ಇಟ್ಕಂಡಿದ್ರಾ?" ಎಂದು ಕೇಳಿದರು. ನನಗೆ ಸಿಟ್ಟು ಬಂತು. ಹೊರಗೆ ನಿಂತು ದೇವರಿಗೇ ಬೈದೆ: "ಅಮ್ಮಾ, ನಿಂಗೆ ಕಣ್ಣಿಲ್ವಾ? ತಪ್ಪು ಮಾಡ್ದವಳನ್ನ ಬಿಟ್ಟು ನನ್ನ ಹಿಡ್ದೆಯಲ್ಲ! ನಿಜ ತೋರ್ಸು."

ಭಟ್ಕಳದಿಂದ ಬಂದ ಬಸ್ಸು ಹತ್ತಿದೆ. ಪಕ್ಕದಲ್ಲಿದ್ದ ಮಲ್ಲಿಗೆ ಬುಟ್ಟಿಯ ಹೆಂಗಸು ನಕ್ಕಳು. "ಎಂತ ತಂಗಿ, ಗುರ್ತು ಸಿಕ್ಲಿಲ್ವಾ? ಅಮ್ಮನ ಹರಕೆಯಿಂದ ಮಗಳ ಫಿಟ್ಸು ಗುಣ ಆತು ಅಂತ ಇದೇ ಬಸ್ಸಲ್ಲಿ ಹೇಳಿದ್ಯಲ್ಲ. ನಿನ್ನ ಮಗಳಿಗೆ ನಮ್ಮ ಮಾವಳ್ಳಿ ಮನೆ ಪಕ್ಕದ ಹುಡುಗನ್ನೇ ನೋಡಿದ್ರಂತೆ. ಫಿಟ್ಸು ಗುಣ ಮಾಡಿದ ನಿಮ್ಮ ಅಮ್ಮನ ಶಕ್ತಿ ದೊಡ್ಡದು ಅಂತ ನಾನೂ ಅವ್ರಿಗೆ ಹೇಳ್ದೆ. ಮದುವೆ ಆತಾ?"

ಅಮ್ಮನ ಮಹಿಮೆ ಕೊಚ್ಚಿಕೊಳ್ಳುವ ಭರದಲ್ಲಿ ಮಗಳ ಗುಟ್ಟನ್ನು ನಾನೇ ಹಂಚಿದ್ದೆ.

ಕೂಡಲೇ ಅಕ್ಕನ ಕಾಲಿಗೆ ಬಿದ್ದೆನೆಂದು ಬರೆದರೆ ಸುಳ್ಳಾಗುತ್ತದೆ. ದೀಪಾವಳಿ ಕಳೆಯುವವರೆಗೂ ಸುಮ್ಮನಿದ್ದೆ. ಊರವರು ಅವಳನ್ನು ಮನೆಮುರುಕಿ ಎನ್ನುವುದನ್ನು ಕೇಳಿಯೂ ಸುಮ್ಮನಿದ್ದೆ. ಗಂಟಲು ಬಿಗಿಯುತ್ತಲೇ ಹೋಯಿತು.

ಕೊನೆಗೆ ಗುಡಿಯ ಪೂಜೆ ಮಾಡುವ ಗುನಗರಿಗೆ ಹೇಳಿದೆ. "ಕಾಯಿ ನೀ ತೆಗೆಯೂಕೆ ಆಗೂದಿಲ್ಲ. ಯಾರ ಮೇಲೆ ಇಟ್ಯೋ ಅವಳೇ ಎತ್ತಬೇಕು" ಎಂದರು. ಅಕ್ಕನ ಬಾಗಿಲಿಗೆ ಹೋಗಿ ಎಲ್ಲ ಹೇಳಿ, ಗುಡಿಗೆ ಬಾ ಎಂದೆ.

"ಕಟ್ಟಿದ್ರೆ ಕಟ್ಲಿ ನಿನ್ನ ಗಂಟಲು. ಬೈಯುವಾಗ ಊರಿಗೆಲ್ಲ ಕೇಳಿತ್ತಲ್ಲ? ಈಗ ನನ್ನ ಕಿವಿಗೆ ಮಾತ್ರ ಹೇಳೂಕೆ ಬಂದ್ಯಾ?" ಎಂದು ಬಾಗಿಲು ಹಾಕಿಕೊಂಡಳು.

ಮಂಗಳವಾರದ ಪೂಜೆಗೆ ಜನ ಸೇರಿದಾಗ ಗಟ್ಟಿಯಾಗಿ ಹೇಳಿದೆ: "ಆ ಮಾತಾಡಿದವಳು ನಾನು. ನನ್ನಕ್ಕ ಅಲ್ಲ."

ಜನರ ಹಿಂದಿನಿಂದ ಅಕ್ಕ ಬಂದಳು. ಯಾರ ಮುಖವನ್ನೂ ನೋಡದೆ ಕಾಯಿ ಎತ್ತಿ ಕಲ್ಲಿಗೆ ಅಪ್ಪಳಿಸಿದಳು. ಅಷ್ಟು ದಿನದ ಕಾಯಿ ಕೊಳೆತಿರುತ್ತದೆ ಎಂದುಕೊಂಡಿದ್ದೆ. ತಿಳಿನೀರು ಚಿಮ್ಮಿತು. ಹೋಳನ್ನು ನನ್ನ ಬಾಯಿಗೆ ಹಿಡಿದಳು.

"ಕುಡಿ. ನಿನ್ನ ಮುಖ ನೋಡಿ ಕೊಡೂದಲ್ಲ, ಅಮ್ಮನ ಮುಖ ನೋಡಿ."

ಕುಡಿದೆ. ಆಮೇಲೆ ಹೆದರುತ್ತಲೇ ಎಂಜಲು ನುಂಗಿದೆ. ಇಳಿಯಿತು.

ಅಕ್ಕ ಇಂದಿಗೂ ನನ್ನೊಡನೆ ಮಾತಾಡುವುದಿಲ್ಲ. ನನ್ನ ಕೋಳಿ ಬೇಲಿ ದಾಟಿದರೆ ಕಲ್ಲೆಸೆಯುತ್ತಾಳೆ. ಎಸೆಯಲಿ. ನಿಜ ತೋರಿಸೆಂದು ಬೈದು ಬೇಡಿದವಳಿಗೂ ಅಮ್ಮ ನಿಜವನ್ನೇ ತೋರಿಸಿದಳು. ದಿನಾ ಬೆಳಿಗ್ಗೆ ಮೊದಲ ಗುಟುಕು ನೀರು ಗಂಟಲಲ್ಲಿ ಇಳಿಯುವಾಗ ಅವಳಿಗೆ ಕೈ ಮುಗಿಯುತ್ತೇನೆ. ಆಮೇಲೆ ಬೇಲಿಯ ಕಡೆಗೂ.