ಗಾಜಿನ ಒಳಬದಿಯ ಹಬೆ

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಪವಾಡ, ಮೈಮೇಲೆ ದೇವರು ಬರುವುದು, ಇದಾವುದನ್ನೂ ನಾನು ನಂಬುವವಳಲ್ಲ. ಸೊಲ್ಲಾಪುರದ ಕಾಲೇಜಿನಲ್ಲಿ ಓದುವಾಗ ಚರ್ಚಾಸ್ಪರ್ಧೆ ಎಂದರೆ ನನ್ನ ಹೆಸರು ಇದ್ದೇ ಇರುತ್ತಿತ್ತು. ವೇದಿಕೆಯ ಮೇಲೆ ಮರಾಠಿಯಲ್ಲಿ ವಾದಿಸುತ್ತಿದ್ದೆ, ಮನೆಗೆ ಬಂದು ಕನ್ನಡದಲ್ಲಿ. ಯಾರಾದರೂ ‘ಕಣ್ಣಾರೆ ಕಂಡೆ’ ಎಂದರೆ, ‘ಕಂಡದ್ದು ನಿಜವಿರಬಹುದು, ಅದಕ್ಕೆ ನೀವು ಕೊಡುವ ಕಾರಣ ನಿಜವೆಂದು ಹೇಗೆ ಹೇಳುತ್ತೀರಿ?’ ಎಂದು ಕೇಳುವುದು ನನ್ನ ಚಟ. ಈಗ ನೀವು ಅದನ್ನೇ ನನ್ನನ್ನು ಕೇಳಬಹುದು. ಕಾರಣ ನನ್ನ ಹತ್ತಿರವೂ ಇಲ್ಲ. ಕಂಡದ್ದನ್ನಷ್ಟೇ ಹೇಳುತ್ತೇನೆ.

ಸೊಲ್ಲಾಪುರದಲ್ಲಿ ನಮ್ಮ ಅಪ್ಪನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಅಕ್ಕಲಕೋಟೆ ತಾಲೂಕಿನ ಚಪಳಗಾಂವದಲ್ಲಿ ಕುರಿ ಸಾಕಿದವರು. ಅವರ ಹಿಂಡಿನಲ್ಲಿ ಕುರಿಗಾರರ ದೇವರು ಬೀರೋಬಾನ ಹೆಸರಿಗೆ ಬಿಟ್ಟ ಒಂದು ಕರಿ ಟಗರಿತ್ತು. ಹಾಗೆ ಬಿಟ್ಟದ್ದನ್ನು ಮಾರುವಂತಿಲ್ಲ, ಕಡಿಯುವಂತಿಲ್ಲ. ಹಿಂಡಿನ ಮುಂದೆ ನಡೆದು ನಡೆದು ಮುದಿಯಾಗಿ ಅದು ತಾನಾಗಿಯೇ ಸತ್ತಿತು. ಅದರ ತೊಗಲನ್ನು ಕೂದಲು ಸಮೇತ ಹದ ಮಾಡಿಸಿ, ಒಂದು ಮಳೆಗಾಲದಲ್ಲಿ ದೊಡ್ಡಪ್ಪ ನಮ್ಮ ಅಂಗಡಿಗೆ ತಂದರು.

“ಇದಕ್ಕೊಂದು ಕಟ್ಟು ಹಾಕು ತಮ್ಮಾ. ಕುರಿ ಮಾರಾಂವ ಇದ್ದೀನಿ. ಇದಾದ್ರೂ ಕಣ್ಣ ಮುಂದ ಇರ್ಲಿ.”

ಮಾರಲು ಕಾರಣ ದೊಡ್ಡವ್ವನ ಮೊಣಕಾಲು. ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಊರೂರು ತಿರುಗುವಾಗ ಅವಳೂ ಹಿಂದೆ ನಡೆಯಬೇಕು. ಇನ್ನು ಹೀಗೇ ನಡೆದರೆ ಕಾಲು ಪೂರ್ತಿ ಹೋಗುತ್ತವೆ ಎಂದು ಡಾಕ್ಟರು ಹೇಳಿದ್ದರು. ಅಪ್ಪ ಅವರಿಬ್ಬರಿಗಾಗಿ ನಮ್ಮ ಮನೆಯ ಕೆಳಗಿನ ಎರಡು ಕೋಣೆ ಖಾಲಿ ಮಾಡಿಸಿಟ್ಟಿದ್ದರು.

ದೇವರ ಪಟ, ಮದುವೆಯ ಫೋಟೋಗಳಿಗೆ ಪಳಗಿದ ಅಪ್ಪನಿಗೆ ತೊಗಲು ಹೊಸದು. ಮೊಳೆ ಹೊಡೆದರೆ ತುಕ್ಕಿನ ಕಲೆ ಇಳಿಯುತ್ತದೆಂದು ಅಂಚಿನುದ್ದಕ್ಕೂ ಸಣ್ಣ ತೂತು ಹಾಕಿ, ಕೆಂಪು ಮಖಮಲ್ಲು ಹೊದಿಸಿದ ಪ್ಲೈವುಡ್ಡಿಗೆ ದಾರದಿಂದ ಹೊಲಿದೆವು. ಕುತ್ತಿಗೆ ಮೇಲೆ, ಬಾಲ ಕೆಳಗೆ. ಹಾಗಿಟ್ಟರೇ ಕೂದಲು ನೆಟ್ಟಗೆ ಇಳಿದು ಕೂರುತ್ತದೆ. ತಲೆಯ ತೊಗಲು ಇರಲಿಲ್ಲ, ಹೀಗಾಗಿ ಕುತ್ತಿಗೆಯ ಮೇಲೆ ಒಂದು ಗೇಣು ಬರೀ ಮಖಮಲ್ಲು. ಕೂದಲಿಗೆ ತಾಗದಷ್ಟು ಮುಂದೆ ಗಾಜು, ಹಿಂದೆ ಗಾಳಿ ಆಡದಂತೆ ಟೇಪು.

ಕೆಲವು ದಿನಗಳಾದ ಮೇಲೆ ಊರಿಂದ ಫೋನು. ಸಂಜೆ ಕುರಿಗಳು ದೊಡ್ಡಿಗೆ ಬರುವ ಹೊತ್ತಿಗೆ ಗಾಜಿನ ಒಳಬದಿಗೆ ಅಂಗೈಯಗಲ ಹಬೆ ಕೂರುತ್ತದಂತೆ. ತೊಗಲಿನ ಮೇಲಲ್ಲ, ಆ ಬರೀ ಮಖಮಲ್ಲಿನ ಎದುರಿಗೆ. ಅಂದರೆ ತಲೆ ಇರಬೇಕಾಗಿದ್ದ ಕಡೆಗೆ.

“ಉಸರಾಡ್ತಾನ,” ಅಂದರು ದೊಡ್ಡಪ್ಪ. “ಅಂವಾ ಇನ್ನಾ ಹೋಗಿಲ್ಲ. ನಾ ಕುರಿ ಹೆಂಗ ಮಾರ್ಲಿ?”

ಮಾರುವ ಮಾತು ಅಲ್ಲಿಗೇ ನಿಂತಿತು. ಆ ವರ್ಷವೂ ದೊಡ್ಡವ್ವ ಹಿಂಡಿನ ಹಿಂದೆ ನಡೆದಳು. ಬೇಸಿಗೆಗೆ ಅವಳು ಗೋಡೆ ಹಿಡಿಯದೆ ಏಳಲಾರದಂತಾದಳು. ಆಗ ನನಗೆ ಫೋನು ಮಾಡಿದಳು.

“ನೀ ಭಾಷಣ ಮಾಡಿ ಕಪ್ ತರ್ತಿಯಂತ. ಬಂದು ಈ ಮುದುಕಗ ಒಂದೀಟು ಹೇಳವ್ವಾ, ಅದು ಬರೇ ನೀರದ ಅಂತ. ನನ್ನ ಕಾಲಾಗ ಏನೂ ಉಳಿದಿಲ್ಲ.”

ಹೋದೆ. ಹೋದ ಸಂಜೆಯೇ ಹಬೆಯನ್ನು ನಾನೂ ಕಂಡೆ, ಹೆದರಿಕೆಯೇನೂ ಆಗಲಿಲ್ಲ. ಮಳೆಗಾಲದಲ್ಲಿ ಹದವಾದ ತೊಗಲು, ಪೂರ್ತಿ ಒಣಗುವ ಮೊದಲೇ ಗಾಜು ಹಾಕಿ ಮುಚ್ಚಿದ್ದೇವೆ. ಹಗಲು ಕಾದ ಗೋಡೆ ಒಳಗಿನ ತೇವವನ್ನು ಹಬೆ ಮಾಡುತ್ತದೆ, ಸಂಜೆ ತಣ್ಣಗಾದ ಗಾಜಿನ ಮೇಲೆ ಅದು ಕೂರುತ್ತದೆ. ಬಿಸಿಗಾಳಿ ಮೇಲೇರುವುದರಿಂದ ಮೇಲ್ಭಾಗದಲ್ಲೇ ಕೂರುತ್ತದೆ. ಇಷ್ಟನ್ನೂ ದೊಡ್ಡಪ್ಪನಿಗೆ ಬಿಡಿಸಿ ಹೇಳಿದೆ. ಅವರು ಸುಣ್ಣ ತಂಬಾಕು ತಿಕ್ಕುತ್ತ ಕೊನೆಯವರೆಗೂ ಕೇಳಿದರು.

“ಹಂಗಾರ ಒಣಗಿಸು, ವಕೀಲಬಾಯಿ. ಒಣಗಿದ ಮ್ಯಾಲ ಬರಲಿಲ್ಲಂದ್ರ ಮಾರತೀನಿ. ಬಂತಂದ್ರ?”

“ಬಂದ್ರ ನಾನೂ ನಿಮ್ಮ ಕೂಡ ಕುರಿ ಕಾಯ್ತೀನ್ರಿ.”

“ಬ್ಯಾಡವ್ವಾ, ನಿನ್ನ ಮಾತಿಗೆ ಕುರಿ ಓಡಿ ಹೋಗ್ತಾವ.”

ಹಿಂದಿನ ಟೇಪು ಕಿತ್ತು, ಹೊಲಿಗೆ ಬಿಚ್ಚಿ, ತೊಗಲನ್ನೂ ಮಖಮಲ್ಲನ್ನೂ ಏಪ್ರಿಲ್ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಹರಡಿದೆ. ಆ ಬಿಸಿಲು ಕಂಡವರಿಗೆ ಗೊತ್ತು, ಬಕೀಟಿನ ನೀರೇ ಮಧ್ಯಾಹ್ನಕ್ಕೆ ಮುಟ್ಟಲಾಗುವುದಿಲ್ಲ. ತೊಗಲು ಗರಗರ ಎನ್ನುವವರೆಗೆ ಒಣಗಿಸಿ, ಹೊಸ ಪ್ಲೈವುಡ್ಡಿಗೆ ಹೊಲಿದು, ಹೊಸ ಬೂಟುಗಳ ಡಬ್ಬಿಯಲ್ಲಿ ಬರುತ್ತವಲ್ಲ, ನೀರು ಹೀರುವ ಸಣ್ಣ ಪೊಟ್ಟಣ, ಅವನ್ನು ಮೂಲೆಗಳಲ್ಲಿ ಸಿಕ್ಕಿಸಿ ಮುಚ್ಚಿದೆ.

ಹಬೆ ಬರಲಿಲ್ಲ. ದೊಡ್ಡಪ್ಪ ದಿನಾ ಸಂಜೆ ಅದರೆದುರು ಕಂಬಳಿ ಹಾಸಿ ಕೂತು ನೋಡಿದರು. ವಾರವಾದರೂ ಗಾಜು ಸ್ವಚ್ಛ. ಒಂದು ಸಂಜೆ ಕಂಬಳಿ ಝಾಡಿಸಿ ಎದ್ದು, “ನೀ ಗೆದ್ದಿ. ಕುರಿ ಕೊಳ್ಳಾವರಿಗೆ ಬರಾಕ ಹೇಳು,” ಅಂದರು. ಒಳಗೆ ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಷ್ಟೋ ಸ್ಪರ್ಧೆ ಗೆದ್ದಿದ್ದೇನೆ, ಇಷ್ಟು ಖುಷಿ ಯಾವುದರಲ್ಲೂ ಆಗಿರಲಿಲ್ಲ.

ಕೊಳ್ಳುವವರ ಲಾರಿ ಬಂದದ್ದು ಸುಡುಮಧ್ಯಾಹ್ನ. ಸಾಮಾನು ಒಯ್ಯಲು ಅಪ್ಪನೂ ಟೆಂಪೋ ತಂದಿದ್ದರು. ಟಗರಿನ ಕಟ್ಟನ್ನು ಗೋಡೆಯಿಂದ ಇಳಿಸಿ ಅಂಗಳದ ಬೇವಿನ ಮರಕ್ಕೆ, ಬಿಸಿಲು ಬೀಳುವ ಕಡೆಗೆ, ಒರಗಿಸಿದ್ದೆವು. ಅದರ ಪಕ್ಕದಲ್ಲಿ ನಾನಿದ್ದೆ. ನನ್ನಿಂದ ನಾಲ್ಕು ಹೆಜ್ಜೆಯಲ್ಲಿ ಅಪ್ಪ ಪಾತ್ರೆಯ ಮೂಟೆಗೆ ಹಗ್ಗ ಬಿಗಿಯುತ್ತಿದ್ದರು. ದೊಡ್ಡಪ್ಪ ದೂರದಲ್ಲಿ, ದೊಡ್ಡಿಯ ಬಾಗಿಲಲ್ಲಿ. ಕುರಿ ತುಂಬಿಸಿಯಾಗಿ ಲಾರಿ ಕದಲಿತು. ಕುರಿಗಳು ಒಮ್ಮೆಲೇ ಕೂಗಿದವು.

ಸುಮ್ಮನೆ ಕಟ್ಟಿನ ಕಡೆ ಕಣ್ಣು ಹೋಯಿತು. ಬರೀ ಮಖಮಲ್ಲಿನ ಎದುರಿಗೆ, ಗಾಜಿನ ಒಳಬದಿಗೆ, ಅಂಗೈಯಗಲ ಹಬೆ. ನೋಡುತ್ತಿದ್ದಂತೆ ಅದು ರೂಪಾಯಿಯಷ್ಟಾಯಿತು. ಮತ್ತೆ ಅಗಲವಾಯಿತು. ಮತ್ತೆ ಸಣ್ಣದು. ಗಾಜು ಮುಟ್ಟಿದೆ, ಸುಡುತ್ತಿತ್ತು. ಸುಡುವ ಗಾಜಿನ ಮೇಲೆ ಹಬೆ ಕೂರುವುದಿಲ್ಲ.

“ದೊಡ್ಡಪ್ಪಾ,” ಎಂದು ಕೂಗಿ ಕರೆದೆ.

ಅವರು ಬಂದು ನನ್ನ ಪಕ್ಕದಲ್ಲಿ ನಿಂತರು. ನೋಡಿದರು. ಬಹಳ ಹೊತ್ತು ನೋಡಿದರು.

“ನೀರು,” ಅಂದರು.

“ನೀರು ಇರಾಕ ಸಾಧ್ಯ ಇಲ್ರಿ. ಎಲ್ಲಾ ನಾನs ಒಣಗಿಸೀನಿ. ಗಾಜು ಮುಟ್ಟಿ ನೋಡ್ರಿ.”

“ನೀನs ಹೇಳಿದ್ದಿ, ನೀರು ಅಂತ.”

“ಅದು ಆಗಿನ ಮಾತ್ರಿ...”

“ಆಗೊಂದು ಈಗೊಂದು ಮಾತಾಡಬ್ಯಾಡವ್ವಾ.”

ಟೆಂಪೋದ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ ದೊಡ್ಡವ್ವ ಕೂಗಿ ಕೇಳಿದಳು: “ಏನಾತ್ರಿ ಅಲ್ಲಿ?”

“ಧೂಳು ಕುಂತದ,” ಅಂದರು ದೊಡ್ಡಪ್ಪ. ಹೆಗಲ ಮೇಲಿನ ವಸ್ತ್ರ ತೆಗೆದು ಗಾಜಿನ ಹೊರಬದಿಯನ್ನು ಒರೆಸತೊಡಗಿದರು. ಹಬೆ ಇದ್ದದ್ದು ಒಳಗೆ. ಅವರಿಗೂ ಅದು ಗೊತ್ತಿತ್ತು. ಲಾರಿಯ ಸದ್ದು ಕೇಳದಾಗುವವರೆಗೂ ಒರೆಸಿದರು. ಆಮೇಲೆ ಗಾಜು ಖಾಲಿಯಾಗಿತ್ತು.

ಈಗ ದೊಡ್ಡವ್ವನ ಕಾಲು ಎಷ್ಟೋ ವಾಸಿ. ಕಟ್ಟು ಅವರ ಕೋಣೆಯ ಗೋಡೆಯ ಮೇಲಿದೆ, ಮತ್ತೆ ಹಬೆ ಬಂದದ್ದನ್ನು ಯಾರೂ ಕಂಡಿಲ್ಲ. ನನಗೆ ಕಲಿಸಿದ ಭೌತಶಾಸ್ತ್ರದ ಮೇಷ್ಟರನ್ನು ಕೇಳಿದೆ. ಪೊಟ್ಟಣಗಳು ಹೀರಿದ ನೀರನ್ನೇ ಬಿಸಿಲಿಗೆ ಬಿಟ್ಟಿರಬಹುದು ಎಂದರು. ಇರಬಹುದು. ಆದರೆ ಗಾಜು ಅಷ್ಟು ಕಾದಿತ್ತಲ್ಲ ಎಂದರೆ, ‘ನಿನ್ನ ಕೈಗೆ ಹಾಗೆ ಅನ್ನಿಸಿರಬಹುದು’ ಎಂದರು. ಅದೂ ಇರಬಹುದು. ಎದುರು ಪಕ್ಷದಲ್ಲಿ ಕೂತಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ.

ಹೋದ ವರ್ಷ, ದೊಡ್ಡವ್ವ ಮನೆಯಲ್ಲಿಲ್ಲದಾಗ, ದೊಡ್ಡಪ್ಪನನ್ನೇ ನೇರವಾಗಿ ಕೇಳಿದೆ. ಅವತ್ತು ನೀವು ಕಂಡದ್ದೇನು ಎಂದು.

“ಅದಿರ್ಲಿ,” ಅಂದರು. “ಗಾಜಿನಾಗ ನೀರು ಬಂತಂದ್ರ ಕಟ್ಟು ಹಾಕಿದವರನ್ನ ಕರೀಬೇಕಲ್ಲಾ? ನಿಮ್ಮಪ್ಪ ಅಲ್ಲೇ ಬಾಜೂಕ ನಿಂತಿದ್ದ. ನೀ ದೊಡ್ಡಿಗೆ ಕೇಳೂವಂಗ ಕೂಗಿ ನನ್ನ ಯಾಕ ಕರದಿ?”

ವಾದದಲ್ಲಿ ಇಂಥ ಪ್ರಶ್ನೆ ಬಂದರೆ ಸಮಯ ಕೇಳಿಕೊಳ್ಳುವುದು ರೂಢಿ. ನಾನಿನ್ನೂ ಆ ಸಮಯದಲ್ಲೇ ಇದ್ದೇನೆ.